ಮರಳುಗಾಡಿನ ಓಟವೂ ರೋಗಿಯ ಹಕ್ಕೂ

ಕಳೆದ ವಾರ ನಮ್ಮ ಪೇಟೆಯ ಅಂಗಡಿ ಅಂಗಡಿಗೂ ಒಂದು ಚಂದಾ ಚೀಟಿ ಬಂದಿತು. ಅಕ್ಕಿ ಗಿರಣಿಯ ಬಾಗಿಲಲ್ಲಿದ್ದ ಹಮಾಲರ ಕೈಗೂ ಅದರ ಪ್ರತಿ ಸಿಕ್ಕಿತು. ನಮ್ಮ ಜಿಲ್ಲೆಯವನೇ ಆಗಿ ಈಗ ಲಂಡನ್ನಿನಲ್ಲಿ ಉದ್ಯೋಗದಲ್ಲಿರುವ ತರುಣನೊಬ್ಬ ಮೊರಾಕ್ಕೋ ದೇಶದ ಸಹಾರಾ ಮರಳುಗಾಡಿನಲ್ಲಿ ೨೫೦ ಕಿಲೋಮೀಟರು ಓಡುತ್ತಾನಂತೆ. ಕ್ಯಾನ್ಸರ್ ಹಿಡಿದ ಮಕ್ಕಳಿಗಾಗಿ ಹಣ ಕೂಡಿಸುವುದು ಅವನ ಉದ್ದೇಶವಂತೆ. ಕಿಲೋಮೀಟರಿಗೆ ಇಷ್ಟು ಎಂದು ಯಾರು ಬೇಕಾದರೂ ಬರೆಸಬಹುದಂತೆ. "ಏನು ಮೇಷ್ಟ್ರೇ, ಕೊಡಬೇಕೋ ಬೇಡವೋ? ನಿಮ್ಮ ಪಕ್ಷ ಏನನ್ನುತ್ತದೆ?" ಎಂದು ಕಿರಾಣಿ ಅಂಗಡಿಯ ಗೆಳೆಯರೊಬ್ಬರು ಕೇಳಿದರು. ಶಾಲೆ ಬಿಟ್ಟು ಎಷ್ಟೋ ವರ್ಷಗಳಾದರೂ ಪೇಟೆಗೆ ನಾವು ಇನ್ನೂ ಮೇಷ್ಟ್ರೇ. ಅಂಗಡಿಯ ಕಟ್ಟೆಯ ಮೇಲೆ ನಿಂತು ಎರಡು ಮಾತಿನಲ್ಲಿ ಮುಗಿಸುವ ಉತ್ತರ ಇದಲ್ಲ. ಆದ್ದರಿಂದ ಇಲ್ಲಿ ಬರೆಯುತ್ತಿದ್ದೇವೆ.

ಮೊದಲು ಈ ಓಟ ಏನೆಂಬುದನ್ನು ತಿಳಿಯೋಣ. ಫ್ರಾನ್ಸಿನ ಪ್ಯಾಟ್ರಿಕ್ ಬಾವರ್ ಎಂಬಾತ ೧೯೮೪ರಲ್ಲಿ ಅಲ್ಜೀರಿಯದ ಮರಳುಗಾಡಿನಲ್ಲಿ ಸುಮಾರು ೩೫೦ ಕಿಲೋಮೀಟರನ್ನು ಒಬ್ಬನೇ ಕಾಲ್ನಡಿಗೆಯಲ್ಲಿ ದಾಟಿದ. ಅದೇ ಅನುಭವವನ್ನು ಹಿಡಿದು ೧೯೮೬ರಲ್ಲಿ ಮೊರಾಕ್ಕೋದಲ್ಲಿ ಈ ಓಟವನ್ನು ಆರಂಭಿಸಿದ. ಮೊದಲ ವರ್ಷ ಓಡಿದವರು ೨೩ ಮಂದಿ. ಈಗ ಪ್ರಪಂಚದ ಎಲ್ಲ ಕಡೆಯಿಂದ ನೂರಾರು ಮಂದಿ, ಕೆಲವು ವರ್ಷ ಸಾವಿರಕ್ಕೂ ಹೆಚ್ಚು ಮಂದಿ, ಬರುತ್ತಾರೆ. 'ಮಾರಥಾನ್ ದೆ ಸಾಬ್ಲ್', ಅಂದರೆ ಮರಳಿನ ಮ್ಯಾರಥಾನ್ ಎಂದು ಅದರ ಹೆಸರು. ಸುಮಾರು ೨೫೦ ಕಿಲೋಮೀಟರನ್ನು ಹಲವು ದಿನಗಳ ಹಂತಗಳಾಗಿ ಓಡಬೇಕು. ಒಂದು ಹಂತವೇ ೮೦ ಕಿಲೋಮೀಟರಿನ ಆಸುಪಾಸು. ಹಗಲು ಹೊರಟವರು ರಾತ್ರಿಯೆಲ್ಲ ನಡೆಯುತ್ತಿರುತ್ತಾರೆ. ಅನ್ನ, ಹಾಸಿಗೆ, ಔಷಧ ಎಲ್ಲವೂ ಬೆನ್ನ ಮೇಲಿನ ಚೀಲದಲ್ಲಿ. ನೀರು ಮತ್ತು ಮಲಗಲು ಗುಡಾರ ಮಾತ್ರ ಓಟ ನಡೆಸುವವರದು. ನೀರನ್ನು ಬಹುಕಾಲ ಅಳೆದು ಕೊಡುತ್ತಿದ್ದರು. ಅಳತೆ ಮೀರಿ ಕೇಳಿದವನಿಗೆ ದಂಡ.

ಇದು ಆಟದ ಮಾತಲ್ಲ. ೧೯೯೪ರಲ್ಲಿ ಇಟಲಿಯ ಮೌರೋ ಪ್ರಾಸ್ಪೆರಿ ಎಂಬ ಓಟಗಾರ ಮರಳ ಬಿರುಗಾಳಿಗೆ ಸಿಕ್ಕಿ ದಾರಿ ತಪ್ಪಿದ. ಒಂಬತ್ತು ಹತ್ತು ದಿನ ಅಲೆದು, ಬಾವಲಿಯ ರಕ್ತ ಕುಡಿದು, ಗಡಿ ದಾಟಿ ಅಲ್ಜೀರಿಯದೊಳಗೆ ಜೀವಂತವಾಗಿ ಸಿಕ್ಕಿದ. ೨೦೨೧ರ ಅಕ್ಟೋಬರಿನಲ್ಲಿ ನಡೆದ ಓಟದಲ್ಲಿ ಬಿಸಿಲು ೫೦ ಡಿಗ್ರಿ ಮುಟ್ಟಿತು. ಫ್ರಾನ್ಸಿನ ಒಬ್ಬ ಓಟಗಾರ ದಾರಿಯಲ್ಲೇ ತೀರಿಕೊಂಡ. ಹೊರಟವರಲ್ಲಿ ಸುಮಾರು ಅರ್ಧದಷ್ಟು ಮಂದಿ ಕೊನೆ ಮುಟ್ಟಲಿಲ್ಲ.

ಆದುದರಿಂದ ಓಡುವವನನ್ನು ನಾವು ಹಾಸ್ಯ ಮಾಡುವುದಿಲ್ಲ. ದಿನಕ್ಕೆ ನೂರು ಮೂಟೆ ಹೊರುವ ಹಮಾಲನಿಗೆ ಮೈಯ ನೋವು ಎಂದರೇನೆಂದು ಗೊತ್ತು. ಅಂಗಾಲಿನ ಚರ್ಮ ಸುಲಿದು ಬಂದರೂ ಹೆಜ್ಜೆ ಇಡುವವನನ್ನು ಅವನು ಗೌರವಿಸಬಲ್ಲ. ಪರರಿಗಾಗಿ ನೋವು ತಿನ್ನುತ್ತೇನೆ ಎಂದು ಹೊರಟವನ ಮನಸ್ಸು ಕೆಟ್ಟದ್ದೆಂದು ನಾವು ಎಲ್ಲಿಯೂ ಹೇಳಿಲ್ಲ, ಹೇಳುವುದೂ ಇಲ್ಲ. ನಮ್ಮ ಜಗಳ ಆ ಕಾಲುಗಳ ಮೇಲಲ್ಲ. ರೋಗಿಯ ಔಷಧವನ್ನು ಇನ್ನೊಬ್ಬನ ಕಾಲಿನ ಬೊಬ್ಬೆಗೆ ಕಟ್ಟಿಹಾಕಿದ ವ್ಯವಸ್ಥೆಯ ಮೇಲೆ ನಮ್ಮ ಜಗಳ.

ಓಟದ ವರದಿಗಳಲ್ಲಿ ಕಾಣದ ಒಂದು ಮಾತನ್ನು ಮೊದಲು ಹೇಳಬೇಕು. ಆ ಮರಳುಗಾಡು ಖಾಲಿ ಜಾಗವಲ್ಲ. ಅಲ್ಲಿ ಜನರಿದ್ದಾರೆ. ದಿನ ಬೆಳಗಾದರೆ ಕಪ್ಪು ಗುಡಾರಗಳನ್ನು ಬಿಚ್ಚಿ, ಲಾರಿಗೆ ತುಂಬಿ, ಮುಂದಿನ ತಂಗುದಾಣದಲ್ಲಿ ಮತ್ತೆ ಕಟ್ಟುವವರು ಆ ಸೀಮೆಯ ಕೆಲಸಗಾರರು. ಓಟಗಾರ ಕುಂಟುತ್ತ ಬಂದು ಸೇರುವಷ್ಟರಲ್ಲಿ ನೆರಳು ಸಿದ್ಧವಾಗಿರುತ್ತದೆ. ಅವರ ಬೆವರಿಗೆ ಕಿಲೋಮೀಟರಿನ ಲೆಕ್ಕದಲ್ಲಿ ಯಾರೂ ಚಂದಾ ಬರೆಸುವುದಿಲ್ಲ. ಈ ಓಟವನ್ನು ಹತ್ತು ಸಲ ಗೆದ್ದ ಲಹ್ಸನ್ ಅಹನ್ಸಾಲ್ ಕೂಡ ಜಾಗೋರಾ ಸೀಮೆಯ ಅಲೆಮಾರಿ ಮನೆತನದ ಮಗ. ಪರದೇಶದವರಿಗೆ ಜೀವಮಾನದ ಸಾಹಸವಾದ ಮರಳು ಅವನಿಗೆ ಹುಟ್ಟಿದ ಮನೆಯ ಅಂಗಳ.

ಅದೇ ಜಾಗೋರಾದಲ್ಲಿ ೨೦೧೭ರಲ್ಲಿ ಏನಾಯಿತು? ನಲ್ಲಿಯಲ್ಲಿ ಕುಡಿಯುವ ನೀರು ಬರಲಿಲ್ಲವೆಂದು ಜನ ಬೀದಿಗಿಳಿದರು. ಸರಕಾರ ಪೊಲೀಸರನ್ನು ಕಳಿಸಿತು. ಹಲವರನ್ನು ಹಿಡಿದು ಒಳಗೆ ಹಾಕಿದರು. ಯುರೋಪಿನ ಪೇಟೆಗಾಗಿ ಬೆಳೆಯುವ ಕಲ್ಲಂಗಡಿಯ ತೋಟಗಳು ನೆಲದಡಿಯ ನೀರನ್ನು ಹೀರುತ್ತಿವೆ ಎಂಬುದು ಅಲ್ಲಿಯವರ ದೂರಾಗಿತ್ತು. ಓಟಗಾರನೇ ಅವರ ನೀರನ್ನು ಕುಡಿದ ಎಂದು ನಾವು ಹೇಳುತ್ತಿಲ್ಲ. ಹಾಗೆ ಹೇಳಿದರೆ ಸುಳ್ಳಾಗುತ್ತದೆ. ಓಟ ನಡೆಸುವವರು ೨೦೦೮ರಿಂದ ಒಂದು ಸಂಘ ಮಾಡಿಕೊಂಡು ಆ ಸೀಮೆಯ ಮಕ್ಕಳಿಗೆ ಕ್ರೀಡೆಯ ತರಬೇತಿ ಕೊಡಿಸುತ್ತಿದ್ದಾರೆ, ಅದನ್ನೂ ಒಪ್ಪುತ್ತೇವೆ. ಆದರೆ ಒಂದು ವಾರ ಬಾಯಾರಿಕೆಯನ್ನು ತಾನಾಗಿ ಆರಿಸಿಕೊಂಡವನಿಗೆ ಹಾರ, ವರ್ಷವೆಲ್ಲ ಬಾಯಾರಿಕೆಯನ್ನು ಅನುಭವಿಸಿ ನೀರು ಕೇಳಿದವನಿಗೆ ಕೋಳ! ಈ ವ್ಯತ್ಯಾಸವನ್ನು ಓದುಗರು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು.

ಇನ್ನು ಹಣದ ವಿಚಾರ. ನೋವು ತಿಂದರೆ ಹಣ ಬೀಳುತ್ತದೆ ಎಂಬ ಈ ಪದ್ಧತಿ ಎಲ್ಲಿಂದ ಬಂತು? ನಮ್ಮ ಅಜ್ಜಿಯರು ಮೊಮ್ಮಗನ ಜ್ವರ ಇಳಿಯಲೆಂದು ಉರುಳುಸೇವೆಯ ಹರಕೆ ಹೊರುತ್ತಿದ್ದರು. ಗುಡಿಯ ಸುತ್ತ ಕಲ್ಲು ಚಪ್ಪಡಿಯ ಮೇಲೆ ಉರುಳಿ ಮೈ ತರಚಿಕೊಂಡು ಬರುತ್ತಿದ್ದರು. ನನ್ನ ಮೈ ನೊಂದರೆ ದೇವರ ಮನಸ್ಸು ಕರಗುತ್ತದೆ ಎಂಬುದು ಆ ಮುದುಕಿಯ ನಂಬಿಕೆ. ಆಸ್ಪತ್ರೆಯಿಲ್ಲದ ಕಾಲದಲ್ಲಿ ಅವಳಿಗೆ ಬೇರೆ ದಾರಿ ಇರಲಿಲ್ಲ. ಆಸ್ಪತ್ರೆ, ಔಷಧ, ವೈದ್ಯ ಎಲ್ಲ ಇರುವ ಈ ಕಾಲದಲ್ಲಿ ಮತ್ತೆ ಉರುಳುಸೇವೆಯೇ ಆಗಬೇಕೆ? ಅಂದು ಕರಗಬೇಕಾದವನು ದೇವರು. ಇಂದು ಕರಗಬೇಕಾದವರು ಹಣವಂತರು. ರೋಗಿಗೆ ನೋವಿದೆ ಎಂಬುದಷ್ಟೇ ಇವರಿಗೆ ಸಾಲದು. ಆರೋಗ್ಯವಂತನೊಬ್ಬ ಬಿಸಿಲಿನಲ್ಲಿ ಬೆಂದು ತೋರಿಸಿದರೆ ಮಾತ್ರ ಇವರ ಥೈಲಿಯ ಬಾಯಿ ಬಿಚ್ಚುತ್ತದೆ.

ಓಟದ ವೆಚ್ಚವನ್ನೂ ನೋಡಿ. ಬ್ರಿಟನ್ನಿನಿಂದ ಹೋಗುವವನಿಗೆ ಪ್ರವೇಶದ ಶುಲ್ಕವೇ ಮೂರು ನಾಲ್ಕು ಸಾವಿರ ಪೌಂಡಿನ ಅಂದಾಜು. ನಮ್ಮ ಹಣದಲ್ಲಿ ಮೂರು ನಾಲ್ಕು ಲಕ್ಷ ರೂಪಾಯಿಗೆ ಮೇಲೆಯೇ ಆಯಿತು. ಬೂಟು, ಚೀಲ, ಒಣಗಿಸಿದ ಆಹಾರ, ತಿಂಗಳುಗಟ್ಟಲೆ ತಾಲೀಮು ಬೇರೆ. ಸ್ವಂತ ಕಿಸೆಯಿಂದ ಕೊಟ್ಟು ಓಡುವವರು ಅನೇಕರಿದ್ದಾರೆ. ಅವರ ಮೇಲೆ ಈ ಮಾತು ಇಲ್ಲ. ಆದರೆ ಇಂಥ ಪ್ರಯಾಣಗಳಲ್ಲಿ ಇನ್ನೊಂದು ಏರ್ಪಾಡೂ ಉಂಟು. ಇಷ್ಟು ಚಂದಾ ಕೂಡಿಸಿ ತರುತ್ತೇನೆಂದು ಒಪ್ಪಿಕೊಂಡರೆ, ಪ್ರಯಾಣದ ಖರ್ಚಿನ ಒಂದು ಪಾಲನ್ನು ಆ ಚಂದಾದಿಂದಲೇ ಭರಿಸುವುದು. ಯಾರದೋ ದುಡ್ಡು ಯಲ್ಲಮ್ಮನ ಜಾತ್ರೆ! ಚಂದಾ ಕೊಡುವ ವರ್ತಕ ಮಿತ್ರರು ಇದನ್ನು ಕೇಳಿ ತಿಳಿಯಬೇಕು: ನಾನು ಕೊಡುವ ನೂರು ರೂಪಾಯಿಯಲ್ಲಿ ಔಷಧಕ್ಕೆ ಎಷ್ಟು, ವಿಮಾನಕ್ಕೆ ಎಷ್ಟು? ಅರ್ಧ ಕಿಲೋ ಬೆಲ್ಲ ಕೊಳ್ಳುವಾಗ ತಕ್ಕಡಿಯ ಮುಳ್ಳು ನೋಡುವ ನಾವು ದಾನ ಕೊಡುವಾಗ ಕಣ್ಣು ಮುಚ್ಚಬೇಕೆಂದು ಯಾವ ಶಾಸ್ತ್ರ ಹೇಳಿದೆ?

ಹೋಗಲಿ, ಕೂಡಿದ ಹಣವೆಲ್ಲ ಔಷಧಕ್ಕೇ ಹೋಯಿತೆಂದು ಇಟ್ಟುಕೊಳ್ಳೋಣ. ಆಗಲೂ ಒಂದು ಲೆಕ್ಕ ಉಳಿಯುತ್ತದೆ. ಶಾಲೆಯ ಕರಿಹಲಗೆಯ ಮೇಲೆ ಬರೆಯುವಂಥ ಸುಲಭದ ಲೆಕ್ಕ. ೨೦೨೦ರ ಏಪ್ರಿಲಿನಲ್ಲಿ, ಕೊರೋನಾ ಹಾವಳಿಯ ದಿನಗಳಲ್ಲಿ, ಬ್ರಿಟನ್ನಿನ ನಿವೃತ್ತ ಸೈನಿಕ ಟಾಮ್ ಮೂರ್ ತನ್ನ ಮನೆಯ ತೋಟದಲ್ಲಿ ನೂರು ಸುತ್ತು ನಡೆದ. ವಯಸ್ಸು ೯೯, ಕೈಯಲ್ಲಿ ಆಸರೆಯ ಚೌಕಟ್ಟು. ಅವನು ಓಡಲಿಲ್ಲ, ಮರಳುಗಾಡಿಗೂ ಹೋಗಲಿಲ್ಲ. ಆದರೂ ಸರಕಾರಿ ಆರೋಗ್ಯ ಸೇವೆಗೆ ನೆರವಾಗುವ ಧರ್ಮನಿಧಿಗಳಿಗೆ ೩ ಕೋಟಿ ೨೦ ಲಕ್ಷ ಪೌಂಡಿಗೂ ಮಿಗಿಲಾದ ಹಣ ಹರಿದು ಬಂತು. ಒಬ್ಬ ಮನುಷ್ಯನ ನಡಿಗೆಯಿಂದ ಇಷ್ಟು ಹಣ ಬಂದದ್ದು ಅಪರೂಪ. ಈಗ ಲೆಕ್ಕ ಮಾಡಿ. ಆ ದೇಶದ ಸರಕಾರಿ ಆರೋಗ್ಯ ಸೇವೆಯ ಒಂದು ವರ್ಷದ ವೆಚ್ಚ ೧೫,೦೦೦ ಕೋಟಿ ಪೌಂಡಿಗೆ ಕಡಿಮೆಯಿಲ್ಲ. ೩೬೫ ದಿನಕ್ಕೆ ಭಾಗಿಸಿ, ಮತ್ತೆ ೨೪ ಗಂಟೆಗೆ ಭಾಗಿಸಿ. ಗಂಟೆಗೆ ೧ ಕೋಟಿ ೭೦ ಲಕ್ಷ ಪೌಂಡು ಬರುತ್ತದೆ. ಇಡೀ ದೇಶ ಕಣ್ಣೀರಿಟ್ಟು ಕೊಟ್ಟ ಆ ಹಣ ಸೇವೆಯ ಸುಮಾರು ಎರಡು ಗಂಟೆಯ ಖರ್ಚು! ವರ್ಷದ ಉಳಿದ ೮,೭೫೮ ಗಂಟೆಗಳನ್ನು ನಡೆಸಿದವರು ಯಾರು? ತೆರಿಗೆ ಕೊಟ್ಟ ಚಾಲಕ, ದಾದಿ, ಅಂಗಡಿಯವನು, ಗಿರಣಿಯವನು. ಅವರಿಗೆ ಯಾರೂ ಪದಕ ಕೊಡಲಿಲ್ಲ. ರಾವಣನ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ ಎಂಬ ಗಾದೆ ನಮ್ಮಲ್ಲಿದೆ. ಆ ಮುದುಕನ ಪ್ರಾಮಾಣಿಕತೆಗೆ ನಮ್ಮ ನಮಸ್ಕಾರ. ಆದರೆ ಗಾದೆ ಸುಳ್ಳಾಗಲಿಲ್ಲ.

ಅದೇ ಬ್ರಿಟನ್ನಿನಲ್ಲಿ ಸಾಯುವ ಸ್ಥಿತಿಯ ರೋಗಿಗಳನ್ನು ನೋಡಿಕೊಳ್ಳುವ 'ಹಾಸ್ಪಿಸ್' ಎಂಬ ಮನೆಗಳಿವೆ. ಇಂಗ್ಲೆಂಡಿನಲ್ಲಿ ದೊಡ್ಡವರ ಈ ಮನೆಗಳ ಖರ್ಚಿನಲ್ಲಿ ಸರಕಾರ ಕೊಡುವುದು ಸರಾಸರಿ ಮೂರನೆಯ ಒಂದು ಪಾಲು. ಉಳಿದದ್ದು ಹಳೆ ಬಟ್ಟೆಯ ಅಂಗಡಿ, ಮರಣಪತ್ರದ ದಾನ ಮತ್ತು ಇಂಥ ಓಟಗಳಿಂದ ಬರಬೇಕು. ೨೦೧೫ರಲ್ಲಿ ಪ್ರಸಿದ್ಧ ಸಾಹಸಿ ರಾನಲ್ಫ್ ಫೀನ್ಸ್ ೭೧ನೆಯ ವಯಸ್ಸಿನಲ್ಲಿ ಇದೇ ಮರಳಿನ ಓಟವನ್ನು ಮುಗಿಸಿ, ಸಾಯುವವರ ಶುಶ್ರೂಷೆ ಮಾಡುವ ಮೇರಿ ಕ್ಯೂರಿ ಸಂಸ್ಥೆಗೆ ಲಕ್ಷಾಂತರ ಪೌಂಡು ಕೂಡಿಸಿದ. ೨೦೦೩ರಲ್ಲೇ ಹೃದಯಾಘಾತವಾಗಿದ್ದ ಮನುಷ್ಯ ಅವನು. ಅವನ ಛಲ ದೊಡ್ಡದು. ಆದರೆ ಹುಟ್ಟುವವನನ್ನು ಸರಕಾರ ನೋಡಿಕೊಳ್ಳುತ್ತದೆ, ಸಾಯುವವನನ್ನು ಹೃದ್ರೋಗಿಯಾದ ಮುದುಕನೊಬ್ಬ ಮರಳಲ್ಲಿ ಓಡಿ ನೋಡಿಕೊಳ್ಳಬೇಕು ಎಂದರೆ ಇದು ಯಾವ ನ್ಯಾಯ?

ಇನ್ನೊಂದು ಅನ್ಯಾಯ ಇದಕ್ಕಿಂತ ಸೂಕ್ಷ್ಮವಾದದ್ದು. ಯಾವ ರೋಗಕ್ಕೆ ಹಣ ಸೇರಬೇಕು ಎಂಬುದನ್ನು ಇಲ್ಲಿ ನಿರ್ಣಯಿಸುವವರು ಯಾರು? ಓಡಬಲ್ಲವನು, ಮತ್ತು ಅವನ ಸ್ನೇಹಿತರು. ಮುದ್ದು ಮುಖದ ಮಗುವಿನ ಚಿತ್ರ ಹಾಕಬಹುದಾದ ರೋಗಕ್ಕೆ ಹಣ ಹರಿಯುತ್ತದೆ. ಬುದ್ಧಿ ಕೆಟ್ಟವನ ಚಿತ್ರವನ್ನು, ಕುಷ್ಠದಿಂದ ಬೆರಳು ಸವೆದವನ ಚಿತ್ರವನ್ನು ಯಾರು ಅಂಗಿಯ ಮೇಲೆ ಅಚ್ಚು ಹಾಕಿಸಿಕೊಳ್ಳುತ್ತಾರೆ? ಹತ್ತಿಯ ಧೂಳನ್ನು ವರ್ಷಗಟ್ಟಲೆ ಉಸಿರಾಡಿ ಎದೆ ಕಟ್ಟಿಕೊಂಡ ಗಿರಣಿಯ ಕೆಲಸಗಾರನಿಗಾಗಿ, ಕಲ್ಲು ಪುಡಿಯಿಂದ ಶ್ವಾಸಕೋಶ ಗಟ್ಟಿಯಾದ ಗಣಿಯವನಿಗಾಗಿ ಯಾರಾದರೂ ಮರಳುಗಾಡಿನಲ್ಲಿ ಓಡಿದ್ದನ್ನು ನೀವು ಕೇಳಿದ್ದೀರಾ? ನಾವಂತೂ ಕೇಳಿಲ್ಲ. ಮೇಲಾಗಿ ಬ್ರಿಟನ್ನಿನಲ್ಲಿ ತೆರಿಗೆ ಕಟ್ಟುವವನು ದಾನ ಕೊಟ್ಟ ಪ್ರತಿ ಪೌಂಡಿಗೆ ೨೫ ಪೆನ್ನಿಯನ್ನು ಸರಕಾರ ತೆರಿಗೆಯ ಹಣದಿಂದ ಸೇರಿಸಿ ಕೊಡುತ್ತದೆ. ಎಂದರೆ ಎಲ್ಲರ ಹಣವೂ ಓಟಗಾರನ ಹಿಂದೆಯೇ ಓಡುತ್ತದೆ. ಓಟು ಹಾಕಿದ ಪ್ರಜೆಗೆ ಇಲ್ಲದ ಆಯ್ಕೆ ಓಟ ಓಡಿದವನಿಗೆ ಸಿಕ್ಕಿತು.

ಹಾಗಾದರೆ ಬೇರೆ ದಾರಿ ಇದೆಯೇ? ಇದೆ, ಮತ್ತು ಅದನ್ನು ತೋರಿಸಿದವರು ಪಂಡಿತರಲ್ಲ, ಕಲ್ಲಿದ್ದಲ ಗಣಿಯ ಕೂಲಿಗಳು. ವೇಲ್ಸಿನ ಟ್ರೆಡೀಗರ್ ಎಂಬ ಊರಿನಲ್ಲಿ ಕೆಲಸಗಾರರು ಕೂಡಿ ಒಂದು ವೈದ್ಯಕೀಯ ನೆರವಿನ ಸಂಘ ಕಟ್ಟಿಕೊಂಡರು. ಕೂಲಿಯ ಪ್ರತಿ ಪೌಂಡಿಗೆ ಕೆಲವು ಪೆನ್ನಿಗಳನ್ನು ವಾರವಾರ ಸಂಘಕ್ಕೆ ಕೊಡುವುದು. ಕಾಯಿಲೆ ಬಿದ್ದಾಗ ವೈದ್ಯ, ಔಷಧ, ಆಸ್ಪತ್ರೆ ಹಕ್ಕಾಗಿ ಪಡೆಯುವುದು. ಯಾರೂ ಓಡಲಿಲ್ಲ, ಯಾರೂ ಕೈ ಚಾಚಲಿಲ್ಲ. ಅದೇ ಊರಿನಲ್ಲಿ ಹುಟ್ಟಿ, ೧೩ನೆಯ ವಯಸ್ಸಿಗೆ ಗಣಿಗೆ ಇಳಿದವನು ಅನ್ಯೂರಿನ್ ಬೆವನ್. ಮುಂದೆ ಅವನೇ ಆರೋಗ್ಯ ಮಂತ್ರಿಯಾಗಿ ೧೯೪೮ರ ಜುಲೈ ೫ರಂದು ಇಡೀ ದೇಶಕ್ಕೆ ಆ ಏರ್ಪಾಡನ್ನು ತಂದ. ಅದಕ್ಕೆ ಎರಡು ವರ್ಷ ಮೊದಲು, ೧೯೪೬ರಲ್ಲಿ, ಪಾರ್ಲಿಮೆಂಟಿನಲ್ಲಿ ಮಾತನಾಡುತ್ತ, ಆಸ್ಪತ್ರೆಗಳು ಖಾಸಗಿ ದಾನವನ್ನು ನಂಬಿಕೊಂಡಿರುವುದು ನಾಗರಿಕ ಸಮಾಜಕ್ಕೆ ಸಲ್ಲದು ಎಂದು ಅವನು ಹೇಳಿದ. ಬಿಲ್ಲೆ ಮಾರಿ ಆಸ್ಪತ್ರೆಗೆ ಹಣ ಕೂಡಿಸುವ ಕಾಲ ಹಿಂದಾಗಬೇಕು, ರೋಗಿಯ ಬಳಿ ಇರಬೇಕಾದ ದಾದಿಯರು ಬೀದಿಯಲ್ಲಿ ಡಬ್ಬಿ ಹಿಡಿದು ನಿಲ್ಲುವುದನ್ನು ಕಂಡರೆ ತನಗೆ ಹೇಸಿಗೆಯಾಗುತ್ತದೆ ಎಂಬುದು ಅವನ ಮಾತಿನ ಸಾರ. ಅಂದಿನ ಡಬ್ಬಿ ಇಂದು ಬೂಟು ಹಾಕಿಕೊಂಡು ಮರಳುಗಾಡಿಗೆ ಹೋಗಿದೆ, ಅಷ್ಟೇ.

ಇದೇನೂ ನಮಗೆ ದೂರದ ಕಥೆಯಲ್ಲ. ನಮ್ಮ ೧೯೪೮ರ ಕಾಯಿದೆಯಿಂದ ಬಂದ ಇ.ಎಸ್.ಐ. ಕೂಡ ಇದೇ ತತ್ತ್ವದ ಮೇಲೆ ನಿಂತದ್ದು. ೨೦೧೯ರ ಜುಲೈಯಲ್ಲಿ ನಿಗದಿಯಾದ ದರದಂತೆ ನೂರು ರೂಪಾಯಿ ಕೂಲಿಗೆ ಕೆಲಸಗಾರನದು ಎಪ್ಪತ್ತೈದು ಪೈಸೆ, ಮಾಲೀಕನದು ಮೂರೂಕಾಲು ರೂಪಾಯಿ. ಅದರ ಆಸ್ಪತ್ರೆಗಳಲ್ಲಿ ನೂರು ಕೊರತೆಗಳಿವೆ. ಈ ಪತ್ರಿಕೆಯಲ್ಲೇ ಬರೆದಿದ್ದೇವೆ. ಆದರೂ ಅಲ್ಲಿ ಸಾಲಿನಲ್ಲಿ ನಿಂತವನು ಕೊರತೆಗಾಗಿ ಜಗಳವಾಡಬಲ್ಲ. ಏಕೆಂದರೆ ಅದು ಅವನದು. ದಾನದ ಔಷಧ ತಡವಾಯಿತೆಂದು ಯಾರಾದರೂ ಜಗಳವಾಡಿದ್ದುಂಟೇ?

"ನೀವು ಭಾಷಣ ಮಾಡುತ್ತೀರಿ, ಅವನು ಹಣವನ್ನಾದರೂ ತರುತ್ತಾನೆ. ಹಕ್ಕು ಬರುವತನಕ ಮಗು ಕಾಯುತ್ತದೆಯೇ?" ಎಂದು ಕೆಲವರು ನಮ್ಮನ್ನು ಕೇಳುವರು. ಈ ಪ್ರಶ್ನೆಯನ್ನು ನಾವು ಹಗುರವಾಗಿ ತಳ್ಳಿಹಾಕುವಂತಿಲ್ಲ. ಕಾರಣ ಹೇಳುತ್ತೇವೆ.

ನಮ್ಮ ಸಂಘದ ಹಮಾಲರೊಬ್ಬರ ಮಗಳಿಗೆ ರಕ್ತದ ಕ್ಯಾನ್ಸರ್ ಆಯಿತು. ಮೂಟೆಗಿಷ್ಟು ಎಂದು ದುಡಿಯುವ ಅವರ ಹೆಸರು ಯಾವ ಗಿರಣಿಯ ಪಟ್ಟಿಯಲ್ಲೂ ಇರಲಿಲ್ಲ. ಆದ್ದರಿಂದ ಇ.ಎಸ್.ಐ. ಇಲ್ಲ. ಸರಕಾರದ ಆಯುಷ್ಮಾನ್ ಕಾರ್ಡಿನಿಂದ ಚಿಕಿತ್ಸೆಯ ಬಹುಭಾಗ ನಡೆಯಿತು, ಇಲ್ಲವೆನ್ನಲಾರೆವು. ಆದರೆ ಬೆಂಗಳೂರಿಗೆ ತಿಂಗಳ ಓಡಾಟ, ಆಸ್ಪತ್ರೆಯ ಬಳಿ ಬಾಡಿಗೆಯ ಕೋಣೆ, ಹೊರಗಡೆ ಕೊಳ್ಳಬೇಕಾದ ಔಷಧ, ಹೋದ ಕೂಲಿ, ಇವು ಯಾವ ಕಾರ್ಡಿನಲ್ಲೂ ಬರೆದಿರಲಿಲ್ಲ. ಇಂಥದೇ ಒಂದು ಓಟದ ಹಣದಿಂದ ಒಂದು ದತ್ತಿ ಸಂಸ್ಥೆ ಅವರಿಗೆ ನೆರವಾಯಿತು. ಹುಡುಗಿ ಇಂದು ಶಾಲೆಗೆ ಹೋಗುತ್ತಿದ್ದಾಳೆ. ಆ ಹಣ ಬಾರದಿದ್ದರೆ ಏನಾಗುತ್ತಿತ್ತೋ, ಅದನ್ನು ಯೋಚಿಸಲು ಮನಸ್ಸಾಗದು. ಕೊಟ್ಟವರಿಗೆ ನಮ್ಮ ಕೃತಜ್ಞತೆ ಸಲ್ಲುತ್ತದೆ.

ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. ಮುಂದಿನ ಓಟಕ್ಕೆ ಚಂದಾ ಎತ್ತುವ ಸಭೆಗೆ ತಂದೆ ಮಗಳನ್ನು ಕರೆಸಿದರು. ಔಷಧದಿಂದ ಕೂದಲುದುರಿದ್ದ ಹುಡುಗಿಯನ್ನು ವೇದಿಕೆಯ ಮೇಲೆ ನಿಲ್ಲಿಸಿದರು. ತಲೆಗೆ ಕಟ್ಟಿದ್ದ ಬಟ್ಟೆಯನ್ನು ಸ್ವಲ್ಪ ತೆಗೆಯಮ್ಮ, ಫೋಟೋಕ್ಕೆ, ಎಂದರು. ತಂದೆ ಕೈ ಮುಗಿದು ಧನ್ಯವಾದ ಹೇಳಿದರು. ಎಂಟು ದಿನ ಅವರು ಗಿರಣಿಯ ಕಡೆ ಬರಲಿಲ್ಲ. ನಾವು ಮನೆಗೆ ಹೋದಾಗ ಒಂದೇ ಮಾತು ಹೇಳಿದರು: "ಮೂಟೆ ಹೊರುವಾಗ ಬಗ್ಗಿದ್ದೇನೆ ಮೇಷ್ಟ್ರೇ, ಹಾಗೆ ಬಗ್ಗಿರಲಿಲ್ಲ."

ಕರೆಸಿದವರು ದುಷ್ಟರಲ್ಲ. ಮುಂದಿನ ಮಗುವಿಗೆ ಹಣ ಬೇಕೆಂಬ ಆತುರ ಅವರದು. ದಾನದ ದಾರಿಯೇ ಹಾಗೆ. ಅದು ಪಡೆದವನ ಬೆನ್ನಿನ ಮೇಲೆ ನಿಂತೇ ಮುಂದಿನವನನ್ನು ಕೂಗಬೇಕು. ಮರಳುಗಾಡಿನಲ್ಲಿ ದಾರಿ ತಪ್ಪಿದ ಆ ಇಟಲಿಯವನನ್ನು ಉಳಿಸಿದವರು ಯಾರೆಂಬುದನ್ನು ಇಲ್ಲಿ ನೆನೆಯೋಣ. ಆಡು ಕಾಯುವ ಅಲೆಮಾರಿಗಳು. ಹಾಲು ಕೊಟ್ಟರು, ನೆರಳು ಕೊಟ್ಟರು. ಅವನ ಫೋಟೋ ತೆಗೆದು ಚಂದಾ ಎತ್ತಲಿಲ್ಲ. ಮರಳುಗಾಡಿನಲ್ಲಿ ಬಾಯಾರಿ ಬಂದವನಿಗೆ ನೀರು ಕೊಡುವುದು ಆ ಬಡ ಜನಕ್ಕೆ ದಾನವಲ್ಲ, ಕಟ್ಟಳೆ. ಇಂದು ನಿನಗೆ, ನಾಳೆ ನನಗೆ ಎಂಬ ಕಟ್ಟಳೆ. ಸರಕಾರವೆಂಬುದು ಇದಕ್ಕಿಂತ ಕಡಿಮೆಯಾದ ಕಟ್ಟಳೆಗೆ ತೃಪ್ತಿಪಡಬಾರದು.

ಕೊನೆಗೆ ಕಿರಾಣಿ ಅಂಗಡಿಯ ಗೆಳೆಯರಿಗೆ ನಮ್ಮ ಉತ್ತರ. ಕೊಡಿ. ಮಗುವಿನ ಔಷಧವನ್ನು ವಾದಕ್ಕಾಗಿ ತಡೆಯುವವರು ನಾವಲ್ಲ. ಆದರೆ ಕೊಡುವಾಗ ಲೆಕ್ಕ ಕೇಳಿ. ಕೊಟ್ಟೆನೆಂದು ಮನೆಗೆ ಹೋಗಿ ಮಲಗಬೇಡಿ. ಚಂದಾ ಚೀಟಿಯ ಹಿಂಬದಿ ಖಾಲಿಯಿದೆ. ಅದರ ಮೇಲೆ ಮೂರು ಮಾತು ಬರೆದು ಜಿಲ್ಲಾಧಿಕಾರಿಗಳ ಕಚೇರಿಗೆ ಮುಟ್ಟಿಸಿ. ಒಂದು, ಮೂಟೆ ಲೆಕ್ಕದಲ್ಲಿ ದುಡಿಯುವ ಪ್ರತಿ ಹಮಾಲನ ಹೆಸರೂ ಪಟ್ಟಿಗೆ ಬರಲಿ, ಮಾಲೀಕರು ಅವನ ಪಾಲಿನ ವಂತಿಗೆ ಕಟ್ಟಲಿ. ಎರಡು, ಮಕ್ಕಳ ಕ್ಯಾನ್ಸರಿನ ಮುಂದುವರಿದ ಔಷಧೋಪಚಾರ ಜಿಲ್ಲಾ ಆಸ್ಪತ್ರೆಯಲ್ಲೇ ಸಿಗಲಿ. ಮೂರು, ಬೆಂಗಳೂರಿಗೆ ಹೋಗಲೇಬೇಕಾದ ರೋಗಿಯ ಜೊತೆಗಾರನಿಗೆ ಪ್ರಯಾಣ ಮತ್ತು ತಂಗುವ ಖರ್ಚನ್ನು ಸರಕಾರ ಕೊಡಲಿ. ಸಣ್ಣ ವರ್ತಕರೂ ಇದರಲ್ಲಿ ಕೆಲಸಗಾರರ ಜೊತೆ ನಿಲ್ಲಬೇಕು. ಅಂಗಡಿಯ ಬಾಗಿಲು ಹಾಕಿ ಆಸ್ಪತ್ರೆಯಲ್ಲಿ ಕುಳಿತರೆ ಅವರಿಗೂ ಅಂದಿನ ಗಳಿಕೆ ಇಲ್ಲ, ಯಾವ ಇ.ಎಸ್.ಐ. ಕೂಡ ಇಲ್ಲ.

ಆ ತರುಣನಿಗೂ ಒಂದು ಮಾತು. ಅಪ್ಪಾ, ನಿನ್ನ ಕಾಲು ಗಟ್ಟಿಯಿರಲಿ, ಕ್ಷೇಮವಾಗಿ ಓಡಿ ಬಾ. ಬಂದ ಮೇಲೆ ನಮ್ಮ ಪೇಟೆಯಿಂದ ಜಿಲ್ಲಾಧಿಕಾರಿಗಳ ಕಚೇರಿಗೆ ಒಂದು ಮೆರವಣಿಗೆ ಹೊರಡಲಿದೆ. ದೂರ ಹೆಚ್ಚಿಲ್ಲ, ಎರಡು ಕಿಲೋಮೀಟರು. ಬೂಟು ಬೇಡ, ಶುಲ್ಕವೂ ಇಲ್ಲ. ಹಮಾಲರ ಸಾಲಿನಲ್ಲಿ ನಿನಗೊಂದು ಜಾಗ ಇಟ್ಟಿರುತ್ತೇವೆ.